ಕ್ರೈಸ್ತನೆಂಬ ಹೆಸರು

(ಓದತಕ್ಕ ಭಾಗ: ಅಪೊಸ್ತಲರ ಕೃತ್ಯಗಳು 11:19–30)

ಇಂಗ್ಲೆಂಡು ಮತ್ತು ವೇಲ್ಸ್ ದೇಶಗಳಲ್ಲಿ ಹತ್ತು ವರುಷಕ್ಕೊಂದಾವರ್ತಿ ನಡೆಯುವ ಖಾನೇಷುಮಾರಿಯಲ್ಲಿ 2001ನೇ ಇಸವಿಯಿಂದ ಪ್ರತಿಯೊಬ್ಬನ ಮತವು ಯಾವದೆಂದು ಕೇಳುತ್ತಾರೆ. ಉತ್ತರ ಕೊಡಲೇಬೇಕೆಂಬ ಬಲವಂತವಿಲ್ಲ. ಆ ವರುಷ ನೂರರಲ್ಲಿ ಸುಮಾರು 72 ಮಂದಿ ತಾವು ಕ್ರೈಸ್ತರೆಂದು ಬರೆದರು. 2011ರಲ್ಲಿ 59 ಮಂದಿ. 2021ರಲ್ಲಿ 46 ಮಂದಿ ಮಾತ್ರ. ಯಾವ ಮತವೂ ಇಲ್ಲವೆಂದವರು ಅದೇ ಕಾಲದಲ್ಲಿ 15ರಿಂದ 37ಕ್ಕೆ ಏರಿದರು. 1810ರಲ್ಲಿ ಬಳ್ಳಾರಿಗೆ ಬಂದು ಸುವಾರ್ತೆ ಸಾರಿದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಬೋಧಕರನ್ನು ಕಳುಹಿಸಿದ ದೇಶವು ಅದೇ. ತವರುಮನೆಯ ದೀಪವೇ ಆರಿತೋ ಎಂದು ನಮ್ಮ ಸಭೆಗಳವರು ಕಳವಳಗೊಳ್ಳುವದು ಸಹಜವೇ.

ಆದರೆ ವಿಚಾರಿಸಿ ನೋಡೋಣ. 2001ರಲ್ಲಿಯೂ ಹಾಗೆ ಬರೆದವರೊಳಗೆ ಕರ್ತನ ದಿನದಲ್ಲಿ ಆರಾಧನೆಗೆ ಕೂಡಿಬಂದವರು ಸ್ವಲ್ಪ ಮಂದಿಯೇ. ಅಜ್ಜನ ಸಮಾಧಿಯು ದೇವಾಲಯದ ಅಂಗಳದಲ್ಲಿದೆ, ತಮಗೂ ಶಿಶುಪ್ರಾಯದಲ್ಲಿ ದೀಕ್ಷಾಸ್ನಾನವಾಗಿದೆ ಎಂದು ಅನೇಕರು ಬರೆದರು. ಹೆಸರನ್ನಲ್ಲದೆ ಬೇರೇನನ್ನೂ ತಂದೆತಾಯಿಗಳಿಂದ ಹೊಂದದ ಮಕ್ಕಳು ಆ ಹೆಸರನ್ನೂ ಬಿಟ್ಟರು. ಲೆಕ್ಕದಲ್ಲಿ ಕಡಿಮೆಯಾದದ್ದು ಬಹುಮಟ್ಟಿಗೆ ವಾಡಿಕೆಯೇ. ಆದರೂ ಇದು ನಷ್ಟವಲ್ಲವೆಂದು ನಾವು ಹೇಳಲಾರೆವು. ಹೆಸರು ಉಳಿದ ಮನೆಯಲ್ಲಿ, ಅದರ ಅರ್ಥವೇನೆಂದು ಒಂದು ಮಗುವಾದರೂ ಕೇಳೀತು.

ಈಗ ಅಂತಿಯೋಕ್ಯಕ್ಕೆ ಬರೋಣ. ಹೊಸ ಒಡಂಬಡಿಕೆಯಲ್ಲಿ ಕ್ರೈಸ್ತನೆಂಬ ಮಾತು ಮೂರೇ ಸಾರಿ ಬರುತ್ತದೆ. ಶಿಷ್ಯರು ಅದನ್ನು ತಾವಾಗಿ ಇಟ್ಟುಕೊಳ್ಳಲಿಲ್ಲ, ಊರವರೇ ಕೊಟ್ಟರೆಂದು ಬೋಧಕರಲ್ಲಿ ಬಹುಮಂದಿಯ ಅಭಿಪ್ರಾಯ. ಹೆಸರಿಗೆ ಮೊದಲು ಬಾರ್ನಬನೂ ಸೌಲನೂ ಅಲ್ಲಿ ಪೂರಾ ಒಂದು ವರುಷ ಉಪದೇಶಮಾಡಿದರು. ಹೆಸರಾದ ಮೇಲೆ ಏನಾಯಿತು? ಬರ ಬರುವದೆಂದು ಅಗಬನು ಸೂಚಿಸಲು, ಅವರು ತಮ್ಮ ತಮ್ಮ ಶಕ್ತ್ಯನುಸಾರ ಹಣ ಕೂಡಿಸಿ ಯೂದಾಯದ ಸಹೋದರರಿಗೆ ಕಳುಹಿಸಿದರು. ಕೊಟ್ಟವರಲ್ಲಿ ಗ್ರೀಕರಿದ್ದರು; ಹೊಂದಿದವರು ಯೆಹೂದ್ಯರು. ಅದಕ್ಕೆ ಮುಂಚೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣದಿದ್ದ ಜನವಿದು! ನಮ್ಮ ಹಳ್ಳಿಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶದಲ್ಲಿ ಸಂಗತಿಯು ತಲೆಕೆಳಗಾಗಿದೆ. 1950ರ ರಾಷ್ಟ್ರಪತಿಗಳ ಆಜ್ಞೆಯ ಮೇರೆಗೆ ಪರಿಶಿಷ್ಟ ಜಾತಿಯ ಹಕ್ಕುಗಳು ಮೊದಲು ಹಿಂದುಗಳಿಗೆ ಮಾತ್ರ ಇದ್ದವು; 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ದೊರೆತವು; ಕ್ರೈಸ್ತರಿಗೆ ದೊರೆಯಲಿಲ್ಲ. ಆದದರಿಂದ ಆರಾಧನೆಗೆ ತಪ್ಪದೆ ಬರುವ ಕೆಲವು ಮನೆಗಳವರ ಶಾಲೆಯ ದಾಖಲೆಯಲ್ಲಿ ಬೇರೆ ಮತದ ಹೆಸರು ಇರುತ್ತದೆ. ಕಾಗದವನ್ನೇ ನಂಬುವದಾದರೆ, ದೇವಾಲಯದ ಬಾಗಿಲನ್ನೇ ತುಳಿಯದ ಆ ಇಂಗ್ಲಿಷಿನವನು ಕ್ರೈಸ್ತನು. ಕರ್ತನ ಭೋಜನಕ್ಕೆ ಕೈಚಾಚುವ ನಮ್ಮ ಕೂಲಿಯವನು ಕ್ರೈಸ್ತನಲ್ಲ. ಇಂಥ ಲೆಕ್ಕವನ್ನು ಒಪ್ಪುವವರಾರು?

ಹಾಗೆಂದು ಹೆಸರು ಹಗುರವಾದದ್ದಲ್ಲ. ಆ ಹೆಸರಿನ ನಿಮಿತ್ತ ಬಾಧೆಪಡುವವನು ನಾಚಿಕೆಪಡಬಾರದೆಂದು ಪೇತ್ರನು ತನ್ನ ಮೊದಲನೆಯ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಮಗನ ಹಾಸ್ಟೆಲಿನ ಊಟವೂ ಮಗಳ ಶಾಲೆಯ ಫೀಯೂ ಒಂದು ಪದದ ಮೇಲೆ ನಿಂತಿರುವ ತಂದೆಗೆ ಈ ವಾಕ್ಯವು ಎಷ್ಟು ಭಾರವೆಂಬದನ್ನು, ಕಣಜ ತುಂಬಿದವನು ತೀರ್ಪುಮಾಡುವದಕ್ಕೆ ಮುಂಚೆ ಯೋಚಿಸಲಿ. ಆ ತಂದೆಯು ಸಭಾಪಾಲಕರ ಮುಂದೆ ಮರೆಮಾಜದೆ ಮಾತಾಡಲಿ. ಸಭೆಯ ಹಿರಿಯರು ಈ ಸುಗ್ಗಿ ಹಬ್ಬದ ಕಾಣಿಕೆಯಲ್ಲಿ ಆ ಮಕ್ಕಳ ಫೀಗೆ ಒಂದು ಪಾಲನ್ನು ತೆಗೆದಿಡಲಿ. ಅನಂತರ ಅವರ ಮನೆಗೆ ಹೋಗಿ ಹೆಸರಿನ ವಿಷಯವನ್ನು ಕೇಳಲಿ.