ಗಣಕಯಂತ್ರದಲ್ಲಿ ಅರ್ಜಿ ಬರೆಯುವಾಗ ಸಂಕ್ಷೇಪಗಳ ಉಪಯೋಗ

ನವಲಗುಂದ ತಾಲೂಕಿನ ಯಮನೂರು ಬೆಣ್ಣೆಹಳ್ಳದ ದಂಡೆಯ ಮೇಲಿನ ಊರು. ಜಾತ್ರೆಯ ಕಾಲಕ್ಕೆ ಈ ಹಳ್ಳದಲ್ಲಿ ಮೀಯುವದಕ್ಕಾಗಿ ದೂರದೂರದಿಂದ ಭಕ್ತರು ಬರುವರು. ಮಳೆಗಾಲದಲ್ಲಿ ಅದೇ ಹಳ್ಳವು ಉಕ್ಕಿತೆಂದರೆ ಎರೆಹೊಲಗಳಲ್ಲಿಯ ಹೆಸರು, ಉಳ್ಳಾಗಡ್ಡಿ, ಹತ್ತಿ ಇವೆಲ್ಲ ನೀರಿನಲ್ಲಿ ನಿಲ್ಲುವವು. 2019ನೆಯ ಇಸವಿಯ ಆಗಸ್ಟ್ ತಿಂಗಳಿನ ನೆರೆಯನ್ನು ಈ ಭಾಗದ ಜಮೀನುದಾರರು ಮರೆತಿರಲಾರರು.

ಇಂಥ ಸಮಯದಲ್ಲಿ ಊರ ಮುಖಂಡರ ಪಾಲಿಗೆ ಬರುವ ದೊಡ್ಡ ಕೆಲಸವೆಂದರೆ ಬರವಣಿಗೆ. 2016ರಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ಪ್ರಕಾರ, ಆಲಿಕಲ್ಲು, ಹೊಲದಲ್ಲಿ ನೀರು ನಿಲ್ಲುವಿಕೆ ಮೊದಲಾದ ಸ್ಥಳೀಯ ಆಪತ್ತುಗಳಿಂದ ವಿಮೆ ಮಾಡಿಸಿದ ಪೈರು ಹಾಳಾದರೆ ಆ ಸಂಗತಿಯನ್ನು 72 ತಾಸುಗಳೊಳಗಾಗಿ ತಿಳಿಸತಕ್ಕದ್ದು. ಯಾವ ಸರ್ವೆ ನಂಬರಿನಲ್ಲಿ ಯಾವ ಪೈರು, ಎಷ್ಟು ಕ್ಷೇತ್ರ ಹಾನಿಯಾಯಿತೆಂಬುದನ್ನೂ ಕಾಣಿಸಬೇಕಾಗುತ್ತದೆ. ಮೂರು ದಿವಸವೆಂದರೆ ಬಹಳವಲ್ಲ. ಅದರಲ್ಲಿ ಒಂದು ದಿವಸ ಹೊಲಕ್ಕೆ ಹೋಗುವ ದಾರಿ ತೆರೆಯುವದರಲ್ಲಿಯೇ ಕಳೆಯುವದು.

ಮೂವತ್ತು ಜನರ ಅರ್ಜಿಗಳನ್ನು ಒಬ್ಬನೇ ಹುಡುಗನು ಗಣಕಯಂತ್ರದಲ್ಲಿ ಬರೆಯುವನೆಂದು ಎಣಿಸೋಣ. ಪ್ರತಿಯೊಂದು ಅರ್ಜಿಯಲ್ಲಿ ಬದಲಾಗದಿರುವ ಮಾತುಗಳು ಸುಮಾರು 60 ಶಬ್ದ. ನಿಮಿಷಕ್ಕೆ 20 ಶಬ್ದದಂತೆ ಬರೆದರೆ ಇವುಗಳಿಗಾಗಿಯೇ ಒಂದೂವರೆ ತಾಸು ವ್ಯರ್ಥವಾಗುವದು.

ಹಿಂದಿನ ಕುಲಕರ್ಣಿಗಳು ಲೇಖನಿಯನ್ನು ಹೆಚ್ಚಾಗಿ ಎತ್ತದೆ ಮೋಡಿ ಲಿಪಿಯಲ್ಲಿ ಬರೆದು ಹೊತ್ತು ಉಳಿಸುತ್ತಿದ್ದರು. ತಾಲೂಕಿಗೆ 'ತಾ' ಎಂದೂ, ಸರ್ವೆ ನಂಬರಿಗೆ 'ಸ.ನಂ.' ಎಂದೂ ಬರೆಯುವ ರೂಢಿಯು ಈಗಲೂ ಉಂಟು. ಗಣಕಯಂತ್ರದ ವಿಶೇಷವೇನೆಂದರೆ, ನಾವು ಸಂಕ್ಷೇಪವನ್ನು ಬರೆದರೆ ಅದು ಪೂರ್ಣ ವಾಕ್ಯವನ್ನೇ ಮೂಡಿಸುವದು. 'ತಹನ' ಎಂದು ಬರೆದೊಡನೆ 'ಮಾನ್ಯ ತಹಶೀಲದಾರರು, ತಾಲೂಕು ಕಚೇರಿ, ನವಲಗುಂದ, ಜಿಲ್ಲಾ ಧಾರವಾಡ' ಎಂದಾಗುವಂತೆ ಒಮ್ಮೆ ಕಲಿಸಿಟ್ಟರೆ ಸಾಕು.

ಹಣ ಕೊಡಬೇಕಾಗಿಲ್ಲದ ಲಿಬ್ರೆ ಆಫೀಸ್ ರೈಟರ್ ಎಂಬ ತಂತ್ರಾಂಶದಲ್ಲಿ ಇದಕ್ಕೆ ಆಟೋಟೆಕ್ಸ್ಟ್ ಎಂಬ ಸೌಕರ್ಯವಿದೆ. ಬೇಕಾದ ಮಾತುಗಳನ್ನು ಬರೆದು, ಅವನ್ನು ಆಯ್ದುಕೊಂಡು, ಕಂಟ್ರೋಲ್ ಹಾಗೂ ಎಫ್3 ಕೀಲಿಗಳನ್ನು ಕೂಡಿಯೇ ಒತ್ತಿದರೆ ಚೌಕಟ್ಟೊಂದು ತೆರೆಯುವದು. ಅಲ್ಲಿ ಹೆಸರನ್ನೂ ಸಂಕ್ಷೇಪವನ್ನೂ ದಾಖಲಿಸತಕ್ಕದ್ದು. ಮುಂದೆ ಸಂಕ್ಷೇಪವನ್ನು ಬರೆದು ಎಫ್3 ಒಂದನ್ನೇ ಒತ್ತಬೇಕು. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಆಟೋಕರೆಕ್ಟ್ ಎಂಬುದು ಇದೇ ಕೆಲಸವನ್ನು ಮಾಡುವದು. ಅಲ್ಲಿ ಸಂಕ್ಷೇಪದ ತರುವಾಯ ತೆರಪು ಕೊಟ್ಟರೆ ಸಾಕು. ಜಿಬೋರ್ಡ್ ಕೀಲಿಮಣೆಯಿರುವ ಮೊಬೈಲಿನಲ್ಲಿ ವೈಯಕ್ತಿಕ ನಿಘಂಟು ಎಂಬಲ್ಲಿ ಶಬ್ದವನ್ನೂ ಸಂಕ್ಷೇಪವನ್ನೂ ಸೇರಿಸಬಹುದು; ಬರೆಯುವಾಗ ಕೀಲಿಗಳ ಮೇಲ್ಗಡೆ ಕಾಣುವ ಪೂರ್ಣ ರೂಪವನ್ನು ಬೆರಳಿನಿಂದ ಮುಟ್ಟತಕ್ಕದ್ದು.

ಸಂಕ್ಷೇಪವು ರೂಢಿಯ ಮಾತಾಗಿರಕೂಡದು. ವರ್ಡ್‌ನಲ್ಲಿ 'ಹಳ್ಳ' ಎಂಬುದನ್ನೇ ಸಂಕ್ಷೇಪವಾಗಿ ಇಟ್ಟುಕೊಂಡವನು ಬೀಗರಿಗೆ ಪತ್ರ ಬರೆಯುವಾಗಲೂ ಹಳ್ಳವೆಂದಲ್ಲೆಲ್ಲ ನೆರೆಹಾನಿಯ ಇಡೀ ವಾಕ್ಯವೇ ಬಂದು ಕೂಡುವದು!

ಅಕ್ಷರದ ಬಗೆಗೂ ಒಂದು ಮಾತು ಹೇಳಬೇಕು. ಕನ್ನಡ ಗಣಕ ಪರಿಷತ್ತಿನ 'ನುಡಿ'ಯ ಹಳೆಯ ಅಕ್ಷರಗಳಲ್ಲಿ ಬರೆದುದು, ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೋರುವದು. ಆದಕಾರಣ ಸಂಕ್ಷೇಪಗಳನ್ನು ಯೂನಿಕೋಡ್ ಕನ್ನಡದಲ್ಲಿಯೇ ಕೂಡಿಸಿಡುವದು ಒಳ್ಳೇದು.

ಇನ್ನು ಅತ್ಯಂತ ಮಹತ್ವದ ವಿಷಯ. ಅನೇಕರು ನಿನ್ನೆಯ ಅರ್ಜಿಯನ್ನೇ ತೆರೆದು ಹೆಸರನ್ನು ಮಾತ್ರ ತಿದ್ದಿ ಇನ್ನೊಬ್ಬರಿಗೆ ಕೊಡುವರು. ಹೆಸರು ಬದಲಾಯಿತು, ಆದರೆ ಮೊದಲಿನವನ ಸರ್ವೆ ನಂಬರು ಹಾಗೆಯೇ ಉಳಿಯಿತು. ಪರಿಶೀಲನೆಗೆ ಬಂದವರು ಬೇರೆಯವನ ಹೊಲದಲ್ಲಿ ನಿಲ್ಲುವರು. ಸಂಕ್ಷೇಪದಲ್ಲಿಯೂ ಈ ತಪ್ಪು ನುಸುಳಬಹುದು. ಒಮ್ಮೆ ನುಸುಳಿದರೆ ಮೂವತ್ತೂ ಅರ್ಜಿಗಳಲ್ಲಿ ಅದೇ ತಪ್ಪು. ಆದ್ದರಿಂದ ಬದಲಾಗದ ಮಾತುಗಳನ್ನು ಮಾತ್ರ ಸಂಕ್ಷೇಪಕ್ಕೆ ಒಪ್ಪಿಸಬೇಕು. ಹೆಸರು, ಸರ್ವೆ ನಂಬರು, ಹಿಸ್ಸೆ, ಎಕರೆ-ಗುಂಟೆ, ಪೈರು, ಹಾನಿಯಾದ ತಾರೀಖು ಇವುಗಳ ಸ್ಥಳದಲ್ಲಿ ಒಂದೊಂದು ನಕ್ಷತ್ರದ ಗುರುತನ್ನು ಇಡತಕ್ಕದ್ದು. ಹೀಗೆ:

'ನನ್ನ ಸ.ನಂ. *, ಕ್ಷೇತ್ರ * ಎಕರೆ * ಗುಂಟೆ ಜಮೀನಿನಲ್ಲಿಯ * ಪೈರು, ತಾ. * ರಂದು ಬೆಣ್ಣೆಹಳ್ಳದ ನೀರು ನುಗ್ಗಿ ಹಾನಿಗೊಂಡಿರುತ್ತದೆ.'

ಒಂದು ನಕ್ಷತ್ರವಾದರೂ ಉಳಿದಿದ್ದರೆ ಆ ಅರ್ಜಿಯನ್ನು ಅಚ್ಚುಮಾಡಕೂಡದೆಂದು ಬರೆಯುವ ಹುಡುಗನಿಗೆ ಕಟ್ಟಪ್ಪಣೆ ಮಾಡಿರಿ. ಅಂಕಿಗಳನ್ನು ನೆನಪಿನಿಂದ ಬರೆಯದೆ ಪಹಣಿಯನ್ನು ಎದುರಿಗಿಟ್ಟುಕೊಂಡು ತುಂಬಬೇಕು. ತುಂಬಿದ ಮೇಲೆ ಹೊಲದ ಒಡೆಯನಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಸಂಕ್ಷೇಪದಿಂದ ಉಳಿದ ಒಂದೂವರೆ ತಾಸಿನಲ್ಲಿ ಮೂವತ್ತು ಅರ್ಜಿಗಳನ್ನು ಓದಿ ಹೇಳುವದಕ್ಕೆ ಪ್ರತಿಯೊಂದಕ್ಕೂ ಮೂರು ನಿಮಿಷ ಸಿಕ್ಕುವದು.

ಆಧಾರ್ ಹಾಗೂ ಬ್ಯಾಂಕಿನ ಖಾತೆಯ ಸಂಖ್ಯೆಗಳನ್ನು ಸಂಕ್ಷೇಪವಾಗಿ ಎಂದಿಗೂ ಕೂಡಿಸಿಡಬಾರದು, ಏಕೆಂದರೆ ಯಂತ್ರವು ಹಲವರ ಕೈಯಲ್ಲಿ ಇರುತ್ತದೆ. ಈ ಏರ್ಪಾಡನ್ನೆಲ್ಲ ಬೇಸಿಗೆಯ ಬಿಡುವಿನಲ್ಲಿಯೇ ಮಾಡಿ, ಒಂದೆರಡು ಸಲ ಬರೆದು ನೋಡಿ, ಸಂಕ್ಷೇಪಗಳ ಪಟ್ಟಿಯನ್ನು ಕಾಗದದ ಮೇಲೆ ಬರೆದು ಯಂತ್ರದ ಹತ್ತಿರದ ಗೋಡೆಗೆ ಅಂಟಿಸತಕ್ಕದ್ದು. ಹಳ್ಳಕ್ಕೆ ನೀರು ಬಂದ ಮೇಲೆ ಕಲಿಯುವೆವೆಂದರೆ ವಿದ್ಯುತ್ತೂ ಇರಲಾರದು, ವ್ಯವಧಾನವೂ ಇರಲಾರದು.