ಉದ್ದ ಮೂತಿಯ ಉಪವಾಸಿ

ನಿಮ್ಮ ಕಾಪರ್‌ಬ್ಯಾಂಡ್ ಬಟರ್‌ಫ್ಲೈ ಮೀನು ಕಾಳು ಮುಟ್ಟದಿರುವುದು ಹಟದಿಂದಲ್ಲ. ಆ ಚಿಮಟದಂಥ ಮೂತಿ ಇರುವುದೇ ಹವಳದ ಸಂದುಗಳಿಂದ ಹುಳು ಹೆಕ್ಕಲು; ತೇಲುವ ಕಾಳು ಅದಕ್ಕೆ ಆಹಾರವೆಂದೇ ಹೊಳೆಯದು. ಮೀನು ಮಾರ್ಕೆಟ್ಟಿನಿಂದ ಮರುವಾಯಿ (ಕಪ್ಪೆಚಿಪ್ಪು) ತನ್ನಿ. ಕೆಲವು ದಿನ ಫ್ರೀಜರಿನಲ್ಲಿಟ್ಟು, ಕರಗಿಸಿ, ಬಾಯಿ ಬಿಡಿಸಿ, ಚಿಪ್ಪಿನ ಸಮೇತ ಕಲ್ಲಿನ ಸಂದಿಗೆ ಸಿಕ್ಕಿಸಿ. ಬೇಯಿಸಬೇಡಿ (ಸುಕ್ಕ ನಿಮಗಿರಲಿ). ಜೀವಂತ ಆರ್ಟೀಮಿಯಾ ಸಿಗಡಿ ಮಿಸುಕಾಡುವುದರಿಂದ ಆಸೆ ಹುಟ್ಟಿಸುತ್ತದೆ, ಆದರೆ ಪೋಷಣೆ ಕಡಿಮೆ. ತಿನ್ನತೊಡಗಿದ ಮೇಲೆ ಮೆಲ್ಲಗೆ ಮೈಸಿಸ್ ಸಿಗಡಿಗೆ ಬದಲಿಸಿ. ತೊಟ್ಟಿಯಲ್ಲಿ ಜಗಳಗಂಟ ಟ್ಯಾಂಗ್ ಮೀನು ಇದ್ದರೆ ಜಾಲರಿ ಅಡ್ಡವಿಡಿ. ಬೆದರಿದ ಮೀನು ತಿನ್ನುವುದಿಲ್ಲ. ಉಳಿದ ಮಾಂಸವನ್ನು ಅಂದೇ ತೆಗೆಯಿರಿ, ಕೊಳೆತರೆ ಅಮೋನಿಯಾ ಏರುತ್ತದೆ. ತಲೆಯ ಹಿಂದಿನ ಬೆನ್ನು ಕುಗ್ಗತೊಡಗಿದ್ದರೆ ಮಾತ್ರ ನಾಳೆಗೆ ಕಾಯಬೇಡಿ, ಮರುವಾಯಿ ಇವತ್ತೇ ತನ್ನಿ; ಅದು ಫ್ರೀಜರಿನಲ್ಲಿರುವಷ್ಟು ದಿನ ಜೀವಂತ ಆರ್ಟೀಮಿಯಾ ಕೊಡಿ.