ಮತ್ತೆ ಕೇಳಲು ಕಲಿಯುವುದು

ಕುರುಡನನ್ನು ಕಂಡರೆ ಜನ ಕೈಹಿಡಿದು ದಾರಿ ದಾಟಿಸುತ್ತಾರೆ. ಕಿವುಡನಾದರೋ ನಮ್ಮ ಹಾಸ್ಯಕಥೆಗಳಲ್ಲಿ ನಗೆಗೀಡಾಗುವ ಪಾತ್ರ. ಹೊರಗೆ ಕಾಣದ ಕುಂದನ್ನು ಲೋಕವು ಕುಂದೆಂದೇ ಎಣಿಸದಿರುವುದು ವಿಚಿತ್ರ.

ಬೆಂಗಳೂರಿನ ಪಶ್ಚಿಮ ಭಾಗದ ಮೂಡಲಪಾಳ್ಯ, ಕಾಮಾಕ್ಷಿಪಾಳ್ಯಗಳ ಆಸುಪಾಸಿನಲ್ಲಿ ಸಣ್ಣ ಕೈಗಾರಿಕೆಗಳು ಹಲವಿವೆ. ಅಂತಹ ಕಡೆ ಯಂತ್ರಗಳ ಸದ್ದಿನ ನಡುವೆ ವರ್ಷಗಟ್ಟಲೆ ದುಡಿದವರ ಶ್ರವಣಶಕ್ತಿ ಅವರಿಗೇ ತಿಳಿಯದಂತೆ ಕುಗ್ಗಬಹುದು. 85 ಡೆಸಿಬೆಲ್‌ಗಿಂತ ಹೆಚ್ಚಿನ ಸದ್ದನ್ನು ದಿನಕ್ಕೆ 8 ಗಂಟೆಯಂತೆ ಬಹುಕಾಲ ಕೇಳುವುದು ಅಪಾಯಕರ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಗೊಂಡಿರುವ ಕರ್ಣಶಂಖದೊಳಗೆ ಸುಮಾರು 15,000 ರೋಮಕೋಶಗಳಿವೆ. ಶಬ್ದದ ಕಂಪನವನ್ನು ನರಕ್ಕೆ ಮುಟ್ಟಿಸುವವು ಇವೇ. ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಇವು ಪುನಃ ಬೆಳೆಯವು.

ಸಾಮಾನ್ಯವಾಗಿ ಮೊದಲು ಮರೆಯಾಗುವುವು ತೆಳುವಾದ, ಎತ್ತರದ ಧ್ವನಿಗಳು. ಸ್ವರಗಳು ಕೇಳಿಸುತ್ತವೆ, ವ್ಯಂಜನಗಳು ಜಾರುತ್ತವೆ. 'ಸಾಲು', 'ಹಾಲು', 'ಕಾಲು' ಎಲ್ಲವೂ ಒಂದೇ ಆಗುತ್ತವೆ. "ಮಾತು ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ" ಎಂದು ಅಜ್ಜ ಹೇಳಿದರೆ, ತಮಗೆ ಬೇಕಾದುದು ಮಾತ್ರ ಅವರಿಗೆ ಕೇಳಿಸುತ್ತದೆಂದು ಮನೆಯವರು ಮುನಿಯುತ್ತಾರೆ. ಅಜ್ಜ ತುಟಿಗಳ ಚಲನೆಯನ್ನು ನೋಡಿ ಊಹಿಸಲು ತೊಡಗುತ್ತಾರೆ. ಅಲ್ಲಿಯೂ ತೊಡಕಿದೆ. ಕನ್ನಡಿಯ ಮುಂದೆ ನಿಂತು 'ಬಳೆ' ಎಂದೂ 'ಮಳೆ' ಎಂದೂ ಸದ್ದಿಲ್ಲದೆ ಉಚ್ಚರಿಸಿ ನೋಡಿರಿ. ತುಟಿಗಳಲ್ಲಿ ಭೇದವೇ ಕಾಣದು.

ಶ್ರವಣಸಾಧನವನ್ನು ತೊಟ್ಟ ದಿನ ಕಷ್ಟ ತೀರಿತೆಂದು ಎಲ್ಲರೂ ಭಾವಿಸುತ್ತಾರೆ. ನಿಜವಾಗಿ ಕಲಿಕೆ ಆರಂಭವಾಗುವುದೇ ಅಂದು. ಫ್ಯಾನಿನ ಗಾಳಿ, ಕಾಗದದ ಸರಸರ, ಒಗ್ಗರಣೆಯ ಚಟಪಟ, ಮಗಳ ಮಾತು ಎಲ್ಲವೂ ಒಟ್ಟಿಗೆ ನುಗ್ಗಿಬರುತ್ತವೆ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಮಿದುಳು ಹೊಸದಾಗಿ ಅಭ್ಯಾಸ ಮಾಡಬೇಕು. ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಅಷ್ಟು ತಾಳ್ಮೆಯಿಲ್ಲದೆ ಎಷ್ಟೋ ಸಾಧನಗಳು ಪೆಟ್ಟಿಗೆ ಸೇರಿಬಿಡುತ್ತವೆ.

ಸಾಧನದಿಂದಲೂ ಪ್ರಯೋಜನವಾಗದಷ್ಟು ಕಿವುಡಾದವರಿಗಾಗಿ ಶ್ರಮಿಸಿದವರಲ್ಲಿ ಆಸ್ಟ್ರೇಲಿಯದ ಗ್ರೇಮ್ ಕ್ಲಾರ್ಕ್ ಒಬ್ಬರು. ಅವರ ತಂದೆ ಔಷಧದ ಅಂಗಡಿ ನಡೆಸುತ್ತಿದ್ದರು, ಕಿವಿ ಮಂದ. ಗಿರಾಕಿಗಳು ತಮಗೆ ಬೇಕಾದುದನ್ನು ಗಟ್ಟಿಯಾಗಿ ಹೇಳಬೇಕಾಗುತ್ತಿದ್ದಾಗಿನ ಸಂಕೋಚವನ್ನು ಬಾಲಕ ಕ್ಲಾರ್ಕ್ ಬಲ್ಲವರಾಗಿದ್ದರು. 1978ರಲ್ಲಿ ಮೆಲ್ಬೋರ್ನಿನಲ್ಲಿ ಅವರು ಕರ್ಣಶಂಖದೊಳಕ್ಕೆ ವಿದ್ಯುತ್ ತಂತುಗಳನ್ನು ಸೇರಿಸಿ, ಹಾಳಾದ ರೋಮಕೋಶಗಳನ್ನು ದಾಟಿ ನರವನ್ನೇ ನೇರವಾಗಿ ಪ್ರಚೋದಿಸಿದರು. ಸಾವಿರಾರು ಕೋಶಗಳ ಕೆಲಸವನ್ನು ಇಲ್ಲಿ ಇಪ್ಪತ್ತರ ಆಸುಪಾಸಿನ ವಿದ್ಯುದಗ್ರಗಳು ನಿರ್ವಹಿಸಬೇಕು. ಹೀಗಾಗಿ ಮೊದಮೊದಲು ಮನುಷ್ಯನ ಧ್ವನಿ ತಗಡು ಬಡಿದಂತೆ ಕೇಳಿಸಬಹುದು.

ಈ ಕಲಿಕೆಗೆ ನಮ್ಮ ನಾಡಿನಲ್ಲಿಯೇ ಒಂದು ಹಿರಿಯ ನೆಲೆಯಿದೆ. ಅದು 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಮಾನಸಗಂಗೋತ್ರಿಯಲ್ಲಿರುವ ಈ ಸಂಸ್ಥೆಯ ಶಿಶುವಿಹಾರದಲ್ಲಿ ಮಕ್ಕಳೊಡನೆ ತಾಯಂದಿರೂ ಕಲಿಯುತ್ತಾರೆ. ವಾರಕ್ಕೆ ಕೆಲವು ಗಂಟೆ ಸಿಗುವ ತಜ್ಞರಿಗಿಂತ ದಿನವಿಡೀ ಜೊತೆಗಿರುವ ತಾಯಿಯೇ ದೊಡ್ಡ ಶಿಕ್ಷಕಿಯಷ್ಟೆ! ಹುಟ್ಟಿನಿಂದ ಸದ್ದನ್ನೇ ಅರಿಯದ ಕೂಸಿಗೆ ಸದ್ದೆಂಬುದೊಂದು ಉಂಟೆಂಬುದನ್ನೇ ಮೊದಲು ತಿಳಿಸಬೇಕು. ಕುಕ್ಕರು ಕೂಗಿದಾಗ ತಾಯಿ ತನ್ನ ಕಿವಿಯನ್ನು ಮುಟ್ಟಿ, "ಕೇಳಿಸಿತೇ ಕಂದಾ?" ಎನ್ನುತ್ತಾಳೆ. ಮಗು ಅವಳ ಮುಖವನ್ನಷ್ಟೇ ನೋಡುತ್ತದೆ. ಮರುದಿನ ಕುಕ್ಕರು ಕೂಗಿದಾಗಲೂ ಅವಳು ಕಿವಿಯನ್ನು ಮುಟ್ಟಿ ಅದನ್ನೇ ಕೇಳುತ್ತಾಳೆ.